ಬಣ್ಣದ ಭಟ್ಟಿಯ ಬದಿಗೊಂದು ಸಣ್ಣ ಪಾತೇಲಿ

ಬೆಟಗೇರಿಯ ನೇಕಾರರ ಓಣಿಯಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಬಣ್ಣದ ಭಟ್ಟಿಯ ತಗಡಿನ ಚಪ್ಪರದ ಕೆಳಗೆ ರಸೂಲಬಿ ಕುಕ್ಕರಗಾಲಿನಲ್ಲಿ ಕುಳಿತು ಒಲೆಗೆ ಶೇಂಗಾ ಸಿಪ್ಪೆ ಹಾಕುತ್ತಿದ್ದಾರೆ. ದೊಡ್ಡ ಒಲೆಯ ಮೇಲೆ ತಾಮ್ರದ ಹಂಡೆ, ಅದರ ತುಂಬ ಸೋಡಾ ನೀರಿನಲ್ಲಿ ಮುಳುಗಿದ ನೂಲಿನ ಲಡಿಗಳು. ಇದು ಅವರ ಹೊಟ್ಟೆಪಾಡಿನ ಕೆಲಸ. ಬದಿಯ ಸಣ್ಣ ಒಲೆಯ ಮೇಲೆ ಒಂದು ಪಾತೇಲಿ ಇದೆ. ಅದರಲ್ಲಿ ಬಿಚ್ಚಿಟ್ಟ ಗಾಜಿನ ಸಿರಿಂಜುಗಳು, ಸೂಜಿಗಳು. ಒಬ್ಬೊಬ್ಬರದಕ್ಕೂ ಒಂದೊಂದು ಬಣ್ಣದ ನೂಲು ಕಟ್ಟಿದೆ. ಈ ಕೆಲಸ ಯಾರೂ ಹೇಳಿ ಮಾಡಿಸುತ್ತಿರುವುದಲ್ಲ.

ಪಾತೇಲಿಯ ತಳದಿಂದ ಸಣ್ಣ ಗುಳ್ಳೆಗಳು ಏಳುತ್ತಿವೆ. ಕುದಿ ಇನ್ನೂ ಬಂದಿಲ್ಲ.

ಗೋಡೆಗೆ ಒರಗಿ ರಾಟೆ ತಿರುಗಿಸುತ್ತಿರುವವನು ಅವರ ತಮ್ಮ ಲಾಡಸಾಬ. ಮೈಯೆಲ್ಲ ಬೆವರು, ಸೋರುವ ಮೂಗು, ಬಾಯಿ ಮುಚ್ಚಲು ಬಿಡದ ಆಕಳಿಕೆ. ನೋವಿನ ಇಂಜೆಕ್ಷನ್ನಿಗೆ ದಾಸನಾದ ಮೈ ಅದು, ಹೊತ್ತಿಗೆ ಸರಿಯಾಗಿ ಕೇಳುತ್ತದೆ. ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ಅವನು ನೂಲು ಸುತ್ತುತ್ತಿದ್ದಾನೆ. ಕೈ ನಡುಗಿ ನೂಲು ಹರಿಯುತ್ತದೆ. ಗಂಟು ಹಾಕಲು ಹೋದರೆ ಬೆರಳು ಮಾತು ಕೇಳುವುದಿಲ್ಲ.

"ಆಪಾ, ಸಾಕಲ್ಲ? ನೀರು ಬಿಸಿ ಆಗೇತಲ್ಲ?"

"ಬಿಸಿ ಆದ್ರ ಆತೇನು? ಕುದೀಬೇಕು. ಕುದಿಯಾಕ ಹತ್ತಿದ ಮ್ಯಾಲೂ ಬುಟ್ಟಿ ತುಂಬೂತನಕ ಕುದೀಬೇಕು. ಸುತ್ತು ನೀ."

ಬುಟ್ಟಿ ಎಂದರೆ ಕಂಡಿಕೆಯ ಬುಟ್ಟಿ. ಗೋಡೆಯ ಮೇಲೆ ಗಡಿಯಾರವಿದೆ, ಆದರೆ ರಸೂಲಬಿ ಅದನ್ನು ನಂಬುವುದಿಲ್ಲ. ಗಡಿಯಾರ ನೋಡುತ್ತ ಕೂತವನಿಗೆ ಒಂದೊಂದು ನಿಮಿಷವೂ ಒಂದೊಂದು ದಿನ, ಹಾಗೆ ಕೂತವನು ಎದ್ದು ಹೋಗಿಯೇ ಬಿಡುತ್ತಾನೆ ಎನ್ನುತ್ತಾರೆ. ಕೈಗೆ ಕೆಲಸ ಇದ್ದರೆ ಬೈಯುತ್ತಲಾದರೂ ಕೂಡುತ್ತಾನಂತೆ. ಅದಕ್ಕೇ ಇಲ್ಲಿಗೆ ಬರುವವರೆಲ್ಲ ಮೊದಲು ಸಿರಿಂಜು ಬಿಚ್ಚಿ ತಣ್ಣೀರಿನ ಪಾತೇಲಿಗೆ ಹಾಕಬೇಕು, ಆಮೇಲೆ ರಾಟೆಯ ಮುಂದೆ ಕೂಡಬೇಕು. ಬುಟ್ಟಿ ತುಂಬಿದ ಮೇಲೆಯೇ ಪಾತೇಲಿ ಇಳಿಯುವುದು.

ಇವತ್ತು ಗಂಟಲಿಗೆ ಮುಳ್ಳಾಗಿ ಬಂದು ನಿಂತಿದ್ದಾನೆ ದೇವೇಂದ್ರಪ್ಪ. ಮುಂಡರಗಿ ಕಡೆಯಿಂದ ಶೇಂಗಾ ಲಾರಿಯ ಮೇಲೆ ಬರುವ ಹಮಾಲ. ಪತ್ರಿಕೆಗೆ ಬರೆಯಲು ಬಂದ ನನಗೆ ಊರ ಹೆಸರು ಬರೆಯಬೇಡಿ ಅಂದ, ಬರೆಯುವುದಿಲ್ಲ. ಅವನ ಅಂಗಿಯ ಕಿಸೆಯಲ್ಲಿ ಒಂದು ಸಿರಿಂಜು ತಯಾರಾಗಿಯೇ ಇದೆ. ಅವನ ಕಣ್ಣಿನ ಬಿಳಿ ಮಾತ್ರ ಬಿಳಿಯಾಗಿಲ್ಲ. ಅರಿಸಿನ ನೀರು ಚಿಮುಕಿಸಿದ ಹಾಗಿದೆ. ಕಾಮಾಲೆಗೆ ಗದಗಿನ ಬಾಯಲ್ಲಿ ಕಾಮಣಿ ಎಂದು ಹೆಸರು.

"ಲಾಡ್ಯಾ, ಯಾಕ ಸುಮ್ಮನ ಒದ್ದಾಡ್ತೀಲೇ? ನಂದು ಐತೆಲ್ಲ," ಎನ್ನುತ್ತಾನೆ ದೇವೇಂದ್ರಪ್ಪ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇಲ್ಲ. ಹಸಿದವನಿಗೆ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುವ ದನಿಯಲ್ಲೇ ಕರೆಯುತ್ತಿದ್ದಾನೆ, ಭಯವಾಗುವುದೂ ಅದಕ್ಕೇ.

ಲಾಡಸಾಬನ ರಾಟೆ ನಿಲ್ಲುತ್ತದೆ. ರಸೂಲಬಿ ತಮ್ಮನ ಬುಟ್ಟಿಯನ್ನು ಅವನ ಮೊಣಕಾಲಿಗೆ ತಾಗುವಂತೆ ಸರಿಸಿ, ಹರಿದ ನೂಲಿಗೆ ತಾವೇ ಗಂಟು ಹಾಕಿ ಕೊಡುತ್ತಾರೆ. ಅರೆಗಳಿಗೆ ಬಿಟ್ಟು ರಾಟೆ ಮತ್ತೆ ತಿರುಗುತ್ತದೆ. ನನ್ನ ಕೈಯಲ್ಲಿದ್ದ ಚಹಾ ಅಷ್ಟರಲ್ಲಿ ಆರಿಹೋಗಿದೆ.

ಈ ಸೂಜಿ ಓಣಿಗೆ ಬಂದದ್ದು ಚೈನಿಗಾಗಿ ಅಲ್ಲ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಬಾಗಿ ನೇಯುವವರಿಗೆ ಬೆನ್ನುನೋವು ಹುಟ್ಟಿನಿಂದಲೇ ಬಂದ ನೆಂಟ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಓಣಿಯಲ್ಲಿ ಒಬ್ಬ ಸೂಜಿ ಡಾಕ್ಟರು ಬಂದು ಕೂತ. ಏನು ಓದಿದ್ದನೋ ದೇವರೇ ಬಲ್ಲ. ಒಂದು ಸೂಜಿ ಮಾಡಿದರೆ ನೋವು ಮಾಯ, ಮೈ ಹಗುರ, ಮರುದಿನ ಇನ್ನೂ ಒಂದು ಗಜ ಹೆಚ್ಚಿಗೆ ನೇಯ್ಗೆ. ಆತ ಗಂಟು ಮೂಟೆ ಕಟ್ಟಿಕೊಂಡು ಹೋದ, ಸೂಜಿ ಉಳಿಯಿತು. ಔಷಧ ಹೇಗೋ ಸಿಗುತ್ತಿತ್ತು. ದೋಸ್ತರು ಕೂಡಿ ಒಂದು ಸಿರಿಂಜು ತಂದುಕೊಂಡರು. ಎಲ್ಲರಿಗೂ ಅದೊಂದೇ.

ಯಾಕೆ ಒಂದೇ ಎಂದರೆ ಬಡತನ ಎಂದು ನಾನು ಬರೆದುಕೊಳ್ಳುವವನಿದ್ದೆ. ಲಾಡಸಾಬ ತಡೆದ.

"ರೊಕ್ಕದ ಮಾತಲ್ಲರಿ ಅದು. ನಾವು ಒಂದ ಬಸಿಯಾಗ ಚಾ ಕುಡದಾವ್ರು, ಒಂದ ಬೀಡಿ ಸೇದಿದಾವ್ರು. ನಮ್ಮ ದೋಸ್ತ ಕಳಕಪ್ಪ ಲಿಂಗಾಯತರಾಂವ, ನಾ ಸಾಬ. ಅಂವ ತಾ ಚುಚ್ಚಿಕೊಂಡ ಸೂಜಿ ನನ್ನ ಕೈಯಾಗ ಕೊಟ್ಟಾಗ ನಾ ಬ್ಯಾಡ ಅಂತ ಹೆಂಗ ಅನ್ನಲಿ? ನಿನ್ನ ನೀರು ನನಗ ನಡಿಯೂದಿಲ್ಲ ಅಂದಂಗ ಆಕ್ಕಿತ್ತು."

ಈ ಮಾತು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಮಡಿಮೈಲಿಗೆಯ ಗೋಡೆಯನ್ನು ದಾಟಿ ಬಂದ ಗೆಳೆತನ ಅದು, ಎಷ್ಟು ಒಳ್ಳೆಯದು. ರೋಗವೂ ಅದೇ ದಾರಿಯಲ್ಲಿ ನಡೆದು ಬಂತು.

ರಸೂಲಬಿಗೆ ಮೊದಲು ಗೊತ್ತಾದದ್ದು ತಮ್ಮನ ತೋಳು ಬಾತು ಕೀವಾದಾಗ. ಗಂಡ ತೀರಿದ ಮೇಲೆ ಅವರ ಬಣ್ಣದ ಕೆಲಸವನ್ನೇ ಹಿಡಿದು ಈ ತಮ್ಮನನ್ನು ಮಗನ ಹಾಗೆ ಸಾಕಿದವರು. ಉರಿಯುವ ಕಟ್ಟಿಗೆ ಹಿಡಿದು ಅವನ ದೋಸ್ತರನ್ನೆಲ್ಲ ಓಡಿಸಿದರು. ಓಡಿದವರು ರೈಲು ಹಳಿಯ ಆಚೆ ಕೂತು ಅದನ್ನೇ ಮಾಡಿದರು. ರಸೂಲಬಿ ತಮ್ಮನನ್ನು ಕೋಣೆಯಲ್ಲಿ ಕೂಡಿ ಚಿಲಕ ಹಾಕಿದರು. ಅವನು ಹೆಂಚು ತೆಗೆದು ಹೋದ.

ಕೀವು ತೆಗೆಸಲು ಹೋದಾಗ ಆಸ್ಪತ್ರೆಯ ತರುಣ ಡಾಕ್ಟರರು ಬೈಯಲಿಲ್ಲ. ಒಬ್ಬನಿಗೆ ಚುಚ್ಚಿದ ಸೂಜಿಯಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಉಳಿಯುತ್ತದೆ, ಅದರೊಳಗಿನ ವಿಷಕ್ರಿಮಿ ಇನ್ನೊಬ್ಬನ ಮೈಗೆ ಇಳಿಯುತ್ತದೆ, ಕಾಮಣಿಯ ಒಂದು ಜಾತಿ ಹರಡುವುದೇ ಹೀಗೆ ಎಂದು ಕೂಡಿಸಿಕೊಂಡು ಹೇಳಿದರು. ಈಗ ಪತ್ರಿಕೆಗಳಲ್ಲಿ ಬರುತ್ತಿರುವ ಏಡ್ಸ್ ಎಂಬ ಹೊಸ ರೋಗವೂ ಇದೇ ದಾರಿ ಹಿಡಿಯಬಹುದು ಎಂದರು. ಬಿಡಿಸುವುದು ಒಂದು ದಿನದ ಮಾತಲ್ಲ, ಬಿಡುವ ತನಕ ಒಬ್ಬರದನ್ನು ಒಬ್ಬರು ಮುಟ್ಟದ ಹಾಗೆ ನೋಡಿಕೊಳ್ಳಿ, ಚೆನ್ನಾಗಿ ಕುದಿಸಿ ಎಂದರು.

"ಕುದಸೂದ ಅಂದ್ರ ನನ್ನ ಕೆಲಸ ಆತಲ್ಲರಿ," ಎನ್ನುತ್ತಾರೆ ರಸೂಲಬಿ. "ಗಂಡ ತೀರಿದಾಗಿಂದ ಅದನ್ನ ಮಾಡೀನಿ. ಕಟ್ಟಿಗಿ ಹಿಡದು ಓಡಿಸಿದಾಕಿನ ಹೋಗಿ ಅವರನ್ನ ಕರಕೊಂಬಂದೆ. ಬರ್ರಪಾ, ನನ್ನ ಒಲಿ ಮುಂದ ಕುಂಡ್ರಿ ಅಂದೆ. ನಾಚಿಕಿ ಬಿಟ್ಟು ಅಂದೆ."

ಬಂದರು. ಒಬ್ಬೊಬ್ಬರಿಗೂ ಬೇರೆ ಬೇರೆ ಸಿರಿಂಜು ಆಯಿತು. ದಿನಾ ಮುಂಜಾನೆ ಪಾತೇಲಿ ಒಲೆಯ ಮೇಲೆ ಏರಿತು. ಎಲ್ಲ ನೆಟ್ಟಗಾಯಿತು ಎಂದು ರಸೂಲಬಿ ಉಸಿರು ಬಿಟ್ಟರು. ಆಮೇಲೆ ಕಳಕಪ್ಪನ ಕಣ್ಣು ಹಳದಿಯಾಯಿತು.

ಕಳಕಪ್ಪ ಓಣಿಯಲ್ಲೇ ಕೈ ಚುರುಕಿನ ನೇಕಾರ, ಸೆರಗಿನ ಕಸುಬಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕಾಮಣಿ ಎಂದ ಮೇಲೆ ಹಸಿ ಔಷಧ ಕುಡಿಸಿದರು, ಪಥ್ಯ ಮಾಡಿಸಿದರು. ಹೊಟ್ಟೆ ಬಾತು, ಮಂಪರು ಹತ್ತಿ, ಹೋದ ವರ್ಷ ಮಳೆಗಾಲದಲ್ಲಿ ಹೋಗಿಬಿಟ್ಟ. ಮಣ್ಣು ಮಾಡಿ ಬಂದ ದಿನ ಅವನ ಹೆಂಡತಿ ಮಂಜವ್ವ ರಸೂಲಬಿಯನ್ನು ಒಂದೇ ಒಂದು ಮಾತು ಕೇಳಿದರು: "ನಿನ್ನ ಒಲಿ ಮುಂದ ಕುಂಡ್ರತಿದ್ದನಲ್ಲ, ಅಲ್ಲೂ ಹಿಂಗ ಆತೇನು?"

ರಸೂಲಬಿ ಎಲ್ಲವನ್ನೂ ಕುದಿಸಿದ್ದರು. ಎಲ್ಲಿ ತಪ್ಪಿತು?

ಉತ್ತರ ಒಂದು ದಿನ ಅವರ ಕೈಗೇ ಸಿಕ್ಕಿತು. ಕೆಂಪು ಬಣ್ಣಕ್ಕೆ ಲಡಿ ಅದ್ದಿ ತೆಗೆದು, ಬೆರಳ ತುದಿಯನ್ನು ತಂಬಿಗೆಯ ನೀರಿನಲ್ಲಿ ಅದ್ದಿಕೊಂಡಿದ್ದಾರೆ. ತಂಬಿಗೆಯ ನೀರು ತೆಳುವಾಗಿ ಗುಲಾಬಿಯಾಗಿದೆ. ಅದೇ ನೀರಿನಲ್ಲಿ ಬಿಳಿ ನೂಲಿನ ತುದಿ ಬಿದ್ದು ಅದೂ ಬಣ್ಣ ಹಿಡಿದಿದೆ. ರಸೂಲಬಿಗೆ ಒಲೆಯ ಮುಂದಿನ ತಂಬಿಗೆ ನೆನಪಾಯಿತು.

ಸಿರಿಂಜು ಬೇರೆ ಬೇರೆ ಮಾಡಿದ್ದರು ನಿಜ. ಆದರೆ ಮಂದಿ ಬಂದು ಕೂತಾಗ ಮುಂದೆ ಒಂದು ತಂಬಿಗೆ ನೀರು ಇಡುವುದು ಈ ಕಡೆಯ ಮನೆಗಳ ರೂಢಿ. ರಸೂಲಬಿಯೂ ಇಡುತ್ತಿದ್ದರು. ಅದೂ ಕುದಿಸಿ ಆರಿಸಿದ ಚೊಕ್ಕ ನೀರು. ಒಬ್ಬೊಬ್ಬರೂ ಚುಚ್ಚಿಕೊಂಡಾದ ಮೇಲೆ ತಮ್ಮ ಸೂಜಿಯನ್ನು ಅದರಲ್ಲೇ ಜಾಡಿಸಿ ತೊಳೆಯುತ್ತಿದ್ದರು. ಔಷಧಕ್ಕೆ ಬೆರೆಸುವ ನೀರನ್ನೂ ಅದರಿಂದಲೇ ಎಳೆದುಕೊಳ್ಳುತ್ತಿದ್ದರು.

"ನಾನ ಇಟ್ಟ ನೀರರಿ ಅದು," ಎನ್ನುತ್ತಾರೆ. "ತಂಬಿಗಿ ಬೆಳಗಿ ಬೆಳಗಿ ಇಡತಿದ್ದೆ. ಡಾಕ್ಟರು ಅಂದ್ರು, ಅದರಿಂದನ ಆತು ಅಂತ ಹೇಳಾಕ ಬರೂದಿಲ್ಲವಾ, ಈ ಬ್ಯಾನಿ ತಿಂಗಳಗಟ್ಟಲೆ ಮೈಯಾಗ ಕುಂತು ಹೊರಗ ಬರತೈತಿ, ಮದಲ ಹತ್ತಿರಬೇಕು ಅಂದ್ರು. ಇರಬೇಕ್ರಿ. ಆದ್ರ ಆ ತಂಬಿಗಿ ನನ್ನ ಕಣ್ಣ ಮುಂದಿಂದ ಹೋಗವಲ್ದು."

ಮರುದಿನ ಅವರು ಮಾಡಿದ್ದನ್ನು ಲಾಡಸಾಬ ಇವತ್ತಿಗೂ ಮೈ ಜುಮ್ಮೆನ್ನುವ ಹಾಗೆ ಹೇಳುತ್ತಾನೆ. ಒಂದು ಸಿರಿಂಜಿನಲ್ಲಿ ಕೆಂಪು ಬಣ್ಣ ಎಳೆದು ಚೆಲ್ಲಿದರಂತೆ. ನೀವು ತೊಳೆಯುವ ಹಾಗೆಯೇ ಇದನ್ನು ತಂಬಿಗೆಯಲ್ಲಿ ತೊಳೆಯಿರಿ ಎಂದರಂತೆ. ತೊಳೆದರು. ಆಮೇಲೆ ಎಲ್ಲರೂ ತಂತಮ್ಮ ಚೊಕ್ಕ ಸಿರಿಂಜಿಗೆ ಅದೇ ತಂಬಿಗೆಯ ನೀರು ಎಳೆದು ಬೆಳಕಿಗೆ ಹಿಡಿಯಿರಿ ಎಂದರಂತೆ. ಪ್ರತಿಯೊಬ್ಬರ ಕೈಯಲ್ಲೂ ಗುಲಾಬಿ ನೀರು.

"ಎಲ್ಲಾರೂ ಆ ನೀರ ಚೆಲ್ಲಿಬಿಟ್ವಿರಿ," ಎನ್ನುತ್ತಾನೆ ಲಾಡಸಾಬ. "ಬಣ್ಣ ಅಂದ್ರ ನಮಗ ಗೊತ್ತಿದ್ದದ್ದ. ಹನಿ ತಾಗಿದ್ರ ಸೀರಿ ಕೆಡತೈತಿ ಅಂತ ಗೊತ್ತು. ನಾವು ಕೆಡತೇವಿ ಅಂತ ಆವತ್ತ ಗೊತ್ತಾತು."

ತಂಬಿಗೆ ಹೋಯಿತು. ಈಗ ಒಬ್ಬೊಬ್ಬರ ಮುಂದೆ ಒಂದೊಂದು ಸಣ್ಣ ವಾಟಿಯಲ್ಲಿ ನೀರು, ವಾಟಿಗೂ ಸಿರಿಂಜಿಗೂ ಒಂದೇ ಬಣ್ಣದ ನೂಲು. ಲಾಡಸಾಬನದು ಹಸಿರು. ಎಷ್ಟು ಕುದಿಸಿದರೂ ಬಿಡದ ಪಕ್ಕಾ ಬಣ್ಣದ ನೂಲನ್ನೇ ಆರಿಸಿ ಕಟ್ಟುತ್ತಾರೆ. ಆರೇಳು ಜನ ದಿನಾ ಬರುತ್ತಾರೆ, ಇಬ್ಬರು ಪೂರ್ತಿ ಬಿಟ್ಟಿದ್ದಾರೆ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯಿಂದ ಒಬ್ಬಿಬ್ಬರು ಬಸ್ಸು ಹಿಡಿದು ಬಂದು ಕೇಳಿಕೊಂಡು ಹೋಗಿದ್ದಾರೆ. ಅಲ್ಲಿಯೂ ಹೀಗೆಯೇ ನಡೆಯುತ್ತಿದೆಯೇ ಎಂದು ರಸೂಲಬಿಗೆ ಗೊತ್ತಿಲ್ಲ.

ಊರು ಏನನ್ನುತ್ತದೆ? ಊರು ಊರಿನ ಹಾಗೆಯೇ ಅನ್ನುತ್ತದೆ. ಚಟಕ್ಕೆ ಚಾಪೆ ಹಾಸಿ ಕೊಡುತ್ತಾಳೆ ಈ ಹೆಂಗಸು ಎನ್ನುವವರು ಗದಗಿನ ತುಂಬ ಸಿಕ್ಕರು ನನಗೆ. ಹಾಗೆಂದವರಲ್ಲಿ ಒಬ್ಬರೂ ಕಳಕಪ್ಪನನ್ನು ಆಸ್ಪತ್ರೆಗೆ ಒಯ್ಯಲು ಕೈ ಹಚ್ಚಿದ್ದವರಲ್ಲ. ನನಗೆ ಸಿಟ್ಟು ಬಂದದ್ದನ್ನು ಮುಚ್ಚಿಡುವುದಿಲ್ಲ. ಭಟ್ಟಿಯ ಮಾಲಕ ಅಂದಪ್ಪನವರದು ಮಾತ್ರ ಬೇರೆ ತಕರಾರು. ಪುಕ್ಕಟೆ ಸುತ್ತಿದ ಕಂಡಿಕೆ ಬುಟ್ಟಿಗಟ್ಟಲೆ ಸಿಗುತ್ತಿರುವಾಗ ಅವರು ಇಷ್ಟು ದಿನ ಕಣ್ಣು ಮುಚ್ಚಿಕೊಂಡಿದ್ದರು. "ನಾ ಕೆಟ್ಟಾಂವ ಅಲ್ಲರಿ. ಸೀರಿ ವ್ಯಾಪಾರಸ್ಥರಿಗೆ ಗೊತ್ತಾದ್ರ ಬಣ್ಣದಾಗ ಸೂಜಿ ಕುದಸ್ತಾರ ಅಂತಾರ. ನನ್ನ ಹೊಟ್ಟಿ ಮ್ಯಾಲ ಬೀಳತೈತಿ," ಎಂದು ನಿನ್ನೆ ನನ್ನ ಬಳಿ ಅಲವತ್ತುಕೊಂಡಿದ್ದರು.

ಮಂಜವ್ವ ಕೂಡ ಇದೇ ಚಪ್ಪರದ ಕೆಳಗೆ ಕೆಲಸಕ್ಕೆ ಬರುತ್ತಾರೆ. ಗಂಡ ಹೋದ ಮೇಲೆ ಕಂಡಿಕೆ ಸುತ್ತಿಯೇ ಅವರ ಜೀವನ. ಆ ಒಂದು ಪ್ರಶ್ನೆ ಕೇಳಿದ ಮೇಲೆ ಅವರು ರಸೂಲಬಿಯೊಡನೆ ಮಾತು ಬಿಟ್ಟಿದ್ದಾರೆ. ದಿನಾ ಮುಂಜಾನೆ ಬಂದು, ಆ ಪಾತೇಲಿಗೆ ಬೆನ್ನು ಹಾಕಿ, ದೂರದ ಮೂಲೆಯಲ್ಲಿ ಕೂಡುತ್ತಾರೆ. ಇವತ್ತೂ ಹಾಗೆಯೇ ಕೂತಿದ್ದಾರೆ.

ನೀರು ಈಗ ಕುದಿಯುತ್ತಿದೆ. ಸಿರಿಂಜುಗಳು ಪಾತೇಲಿಯ ಬದಿಗೆ ತಾಗಿ ಕಟಕಟ ಎನ್ನುತ್ತಿವೆ. ಲಾಡಸಾಬನ ಬುಟ್ಟಿ ಅರ್ಧ ತುಂಬಿದೆ. ದೇವೇಂದ್ರಪ್ಪನಿಗೆ ರಸೂಲಬಿ ಹೇಳಿ ನೋಡಿದ್ದಾರೆ: "ತಮ್ಮಾ, ನಿನ್ನ ಕಣ್ಣು ನೋಡ್ಕೊಂಡೀಯೇನು? ದವಾಖಾನಿಗೆ ನಡಿ, ನಾ ಬರತೀನಿ ಜೋಡಿ. ಅದನ್ನ ಯಾರಿಗೂ ಕೊಡಬ್ಯಾಡ." ಅವನು ಬಿಸಿಲಿಗೆ ಕಣ್ಣು ಹಾಗಾಗಿದೆ ಎಂದು ನಗುತ್ತಾನೆ. ಕಿಸೆಯ ಮೇಲಿಂದ ಕೈ ಮಾತ್ರ ತೆಗೆಯುವುದಿಲ್ಲ.

ಆಗ ಅಂದಪ್ಪನವರು ಬರುತ್ತಾರೆ. ಮುಖ ಬಿಗಿದಿದೆ.

"ರಸೂಲಬೀ, ಬಂದ ಮಾಡು ಇದನ್ನ. ನಿನ್ನಿ ಪೋಲೀಸ ಬಂದು ಕೇಳಿಹೋಗ್ಯಾನ. ಇವತ್ತ ಹುಬ್ಬಳ್ಳಿ ವ್ಯಾಪಾರಸ್ಥರು ಬರಾಕತ್ತಾರ."

"ಸಾವ್ಕಾರ್ರ, ಅರ್ಧಾ ಬುಟ್ಟಿ ಉಳದೈತ್ರಿ. ಅಷ್ಟ ಆಗಲಿ. ಕೈ ಮುಗೀತೀನಿ."

"ಇಲ್ಲಂದ್ರ ಇಲ್ಲ."

ಅಂದಪ್ಪನವರು ಕೊಡ ಎತ್ತಿ ಸಣ್ಣ ಒಲೆಯ ಮೇಲೆ ನೀರು ಸುರಿಯುತ್ತಾರೆ. ಚಪ್ಪರದ ತುಂಬ ಬೂದಿ, ಹೊಗೆ. ಹೊಗೆ ಸರಿದಾಗ ಪಾತೇಲಿಯ ಕುದಿ ಇಳಿದಿದೆ. ಅಂದಪ್ಪನವರು ಯಾರ ಮುಖವನ್ನೂ ನೋಡದೆ ಹೊರಗೆ ಹೋಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿದೆ, ಆದರೆ ಖಾಲಿ ಕೊಡವನ್ನು ಕೆಳಗಿಡುವುದನ್ನೂ ಮರೆತು ಒಯ್ದದ್ದನ್ನು ನೋಡಿದ್ದೇನೆ.

ದೇವೇಂದ್ರಪ್ಪ ಕಿಸೆಯಿಂದ ಸಿರಿಂಜು ತೆಗೆಯುತ್ತಾನೆ. "ಬಾರಲೇ ಲಾಡ್ಯಾ. ಇನ್ನೇನ ಕಾಯ್ತಿ?"

ಲಾಡಸಾಬ ಎದ್ದು ನಿಲ್ಲುತ್ತಾನೆ. ಒಂದು ಹೆಜ್ಜೆ ಇಡುತ್ತಾನೆ. ಅಕ್ಕನ ಕಡೆ ನೋಡುವುದಿಲ್ಲ. ನೋಡಿದರೆ ನಿಲ್ಲಬೇಕಾಗುತ್ತದೆ ಎಂದು ಅವನಿಗೆ ಗೊತ್ತಿದೆ. ರಸೂಲಬಿ ಎರಡೂ ಕೈಯಿಂದ ಪಾತೇಲಿಯ ಬಿಸಿ ಅಂಚನ್ನು ಹಿಡಿದಿದ್ದಾರೆ, ಸುಡುತ್ತಿರುವುದು ಅವರಿಗೆ ತಿಳಿದಂತಿಲ್ಲ. "ಲಾಡೂ," ಎನ್ನುತ್ತಾರೆ. ಅಷ್ಟೇ. ಬಿಡಿಸಲು ಹೋಗಬೇಕೇ, ಸುಮ್ಮನಿರಬೇಕೇ ಎಂದು ನನಗೆ ತಿಳಿಯುತ್ತಿಲ್ಲ. ಪೆನ್ನು ಕೈಯಲ್ಲೇ ಇದೆ, ಬರೆಯಲಾಗುತ್ತಿಲ್ಲ.

ಮೂಲೆಯ ರಾಟೆ ನಿಲ್ಲುತ್ತದೆ.

ಮಂಜವ್ವ ಏಳುತ್ತಾರೆ. ಸೆರಗನ್ನು ಕೈಗೆ ಸುತ್ತಿಕೊಂಡು ಬಂದು, ರಸೂಲಬಿಯ ಕೈಯಿಂದ ಪಾತೇಲಿ ಬಿಡಿಸಿ ತಾವು ಎತ್ತಿಕೊಳ್ಳುತ್ತಾರೆ.

"ರಸೂಲಬೀ, ಸಿಪ್ಪಿ ಬುಟ್ಟಿ ತಗೊಂಡು ಬಾ. ನಮ್ಮ ಒಲ್ಯಾಗ ಬೆಂಕಿ ಐತಿ. ಅಲ್ಲೇ ಇಡೂಣು."

ಆಮೇಲೆ ಲಾಡಸಾಬನ ಕಡೆ ತಿರುಗುತ್ತಾರೆ. ಗಂಡನ ದೋಸ್ತನನ್ನು ಅವರು ಕಣ್ಣಿಟ್ಟು ನೋಡಿದ್ದೂ ವರ್ಷದ ಮೇಲೆ ಇದೇ ಮೊದಲು.

"ಅಂವ ಹೋಗಿದ್ದು ನೋಡಿಯಲ್ಲ ನೀನು? ಬಾಜೂಕ ಕುಂತು ನೋಡಿಯಲ್ಲ? ಹಂಗಾರ ರಾಟಿ ಹೊತ್ತಗೊಂಡು ನಡಿ. ಅರ್ಧಾ ಬುಟ್ಟಿ ಬಾಕಿ ಐತಿ."

ಲಾಡಸಾಬ ನಿಂತೇ ಇದ್ದಾನೆ. ಎದುರಿಗೆ ದೇವೇಂದ್ರಪ್ಪನ ಚಾಚಿದ ಕೈ. ಹಲ್ಲು ಕಟಕಟಿಸುತ್ತಿದೆ, ಕಣ್ಣಲ್ಲಿ ನೀರು. ಆಮೇಲೆ ಬಗ್ಗುತ್ತಾನೆ. ರಾಟೆಯನ್ನು ಎತ್ತಿ ಹೆಗಲ ಮೇಲೆ ಇಟ್ಟುಕೊಳ್ಳುತ್ತಾನೆ. "ಬ್ಯಾಡಲೇ ದೇವೇಂದ್ರಾ," ಎನ್ನುತ್ತಾನೆ. "ದೋಸ್ತಿ ಮುರಿಯಾಕ ಅಲ್ಲ. ನೀನೂ ಬಾ."

ಓಣಿಯಲ್ಲಿ ಮೆರವಣಿಗೆಯಂತೆ ಹೊರಡುತ್ತಾರೆ. ಮುಂದೆ ಪಾತೇಲಿ ಹಿಡಿದ ಮಂಜವ್ವ, ಹಿಂದೆ ಸಿಪ್ಪೆಯ ಬುಟ್ಟಿ ಹೊತ್ತ ರಸೂಲಬಿ, ಅವರ ಹಿಂದೆ ನಡುಗುತ್ತ ರಾಟೆ, ಕಂಡಿಕೆಯ ಬುಟ್ಟಿ ಹೊತ್ತ ಲಾಡಸಾಬ. ನಳದ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು ಬಾಯಿ ಬಿಟ್ಟು ನೋಡುತ್ತಾರೆ. ದೇವೇಂದ್ರಪ್ಪ ಸ್ವಲ್ಪ ದೂರ ಬಿಟ್ಟು ಬರುತ್ತಾನೆ, ಬರುತ್ತೇನೆ ಎಂದೂ ಅನ್ನದೆ, ಬರುವುದಿಲ್ಲ ಎಂದೂ ಅನ್ನದೆ.

ಮಂಜವ್ವನ ಅಡಿಗೆಮನೆ ಸಣ್ಣದು. ರೊಟ್ಟಿ ಮಾಡಿದ ಹಂಚು ಇಳಿಸಿ ಪಾತೇಲಿ ಇಡುತ್ತಾರೆ. ನೀರು ಮತ್ತೆ ಕುದಿಯಲು ಹತ್ತಿದ ಮೇಲೆ ರಸೂಲಬಿ ಅರ್ಧ ಬುಟ್ಟಿಯ ಕಂಡಿಕೆಯನ್ನೆಲ್ಲ ಸುರಿದು ಬುಟ್ಟಿ ಬರಿದು ಮಾಡುತ್ತಾರೆ. ಕುದಿ ನಿಂತ ಮೇಲೆ ಲೆಕ್ಕ ಮೊದಲಿನಿಂದ. ಲಾಡಸಾಬ ಅಳುತ್ತಾನೆ, ಬೈಯುತ್ತಾನೆ, ಸುತ್ತುತ್ತಾನೆ. ಹೊಸ್ತಿಲ ಹೊರಗೆ ಕೂತ ದೇವೇಂದ್ರಪ್ಪನ ಮುಂದೆ ಮಂಜವ್ವ ಒಂದು ಕನ್ನಡಿ ತಂದು ಇಡುತ್ತಾರೆ. ಅವನು ಕನ್ನಡಿಯಲ್ಲಿ ತನ್ನ ಕಣ್ಣನ್ನು ಬಹಳ ಹೊತ್ತು ನೋಡುತ್ತಾನೆ, ಆಮೇಲೆ ದವಾಖಾನೆ ಎಷ್ಟು ಗಂಟೆಗೆ ತೆಗೆಯುತ್ತದೆ ಎಂದು ಕೇಳುತ್ತಾನೆ.

ಬುಟ್ಟಿ ತುಂಬಿದೆ. ಬಿಸಿಲು ಏರಿದೆ. ರಸೂಲಬಿ ಹೊರಗೆ ಕಟ್ಟೆಯ ಮೇಲೆ ಕೂತು ಬೊಬ್ಬೆ ಎದ್ದ ಅಂಗೈಗೆ ಊದಿಕೊಳ್ಳುತ್ತಿದ್ದಾರೆ. ತಮ್ಮ ಬಿಡುತ್ತಾನೆಯೇ ಎಂದು ಕೇಳುತ್ತೇನೆ. "ಬಿಡಲಿ ಅಂತ ಐದೂ ಹೊತ್ತು ಬೇಡಕೋತೀನ್ರಿ. ಬಿಡೂತನಕ ಬದಕಿರಬೇಕಲ್ಲ," ಎನ್ನುತ್ತಾರೆ. ಫೋಟೋ ಬೇಡ, ಹೊಗಳುವುದು ಬೇಡ, ಭಟ್ಟಿಯ ಸಾವ್ಕಾರರನ್ನು ಬೈಯುವುದೂ ಬೇಡವಂತೆ. ಹಾಗಾದರೆ ಏನು ಬರೆಯಲಿ ಎಂದು ಕೇಳುತ್ತೇನೆ.

ರಸೂಲಬಿ ಒಳಗೆ ಒಮ್ಮೆ ನೋಡುತ್ತಾರೆ. ಮಂಜವ್ವ ಲಾಡಸಾಬನ ಹರಿದ ನೂಲಿಗೆ ಗಂಟು ಹಾಕಿ ಕೊಡುತ್ತಿದ್ದಾರೆ.

"ಮಂಜವ್ವ ನನ್ನ ಹೆಸರ ಹಿಡದು ಕರದ್ಲು ಅಂತ ಬರೀರಿ," ಎನ್ನುತ್ತಾರೆ. "ಅಷ್ಟ ಸಾಕರಿ."